ಮುಳ್ಳಯ್ಯನಗಿರಿ ಹತ್ತಿದವರಿಗೆ ಸ್ಕಾಟ್ಲೆಂಡಿನ 859 ಮೀಟರಿನ, ಜನರಿಲ್ಲದ ಗುಡ್ಡ ಕಷ್ಟವಾಗುತ್ತದೆಯೇ? ಗೈಡ್, ಟ್ರೆಕ್ಕಿಂಗ್ ಬೂಟು ಬೇಕೇ?

1930 ಮೀಟರಿನ ಮುಳ್ಳಯ್ಯನಗಿರಿಯ ಮುಂದೆ ಬ್ರೇಮಾರ್ ಊರಿನ ಪಕ್ಕದ ಮೊರೋನ್ ಗುಡ್ಡ ಯಾವ ಲೆಕ್ಕ ಎಂಬ ನಿಮ್ಮ ಧಾಟಿ ನನಗೆ ಚೆನ್ನಾಗಿ ಪರಿಚಿತ. ಒಂದು ಅಕ್ಟೋಬರಿನಲ್ಲಿ ಅಬರ್ಡೀನ್ ನಗರದಿಂದ ಬಸ್ಸು ಹತ್ತಿದಾಗ ನಾನೂ ಹೀಗೆಯೇ ಲೆಕ್ಕ ಹಾಕಿದ್ದೆ. ಬ್ರಿಟನ್ನಿನ ಅತಿ ಎತ್ತರದ ಶಿಖರವಾದ ಬೆನ್ ನೆವಿಸ್‌ನ ಜನಜಂಗುಳಿ ಬೇಡವೆಂದೇ ಈ ಗುಡ್ಡವನ್ನು ಆರಿಸಿಕೊಂಡಿದ್ದೆ.

ಹತ್ತುವುದು ನಿಜಕ್ಕೂ ಸುಲಭ. ಊರೇ ಸುಮಾರು 340 ಮೀಟರ್ ಎತ್ತರದಲ್ಲಿರುವುದರಿಂದ ಏರಬೇಕಾದದ್ದು ಐನೂರು ಮೀಟರಿನಷ್ಟು ಮಾತ್ರ. ಬ್ರೇಮಾರ್ ಗ್ಯಾದರಿಂಗ್ ಕ್ರೀಡಾಕೂಟದಲ್ಲಿ ಇದನ್ನು ಓಡಿಕೊಂಡೇ ಹತ್ತಿ ಇಳಿಯುತ್ತಾರೆ. ಬಾತುಕೋಳಿಗಳ ಕೊಳವನ್ನು ದಾಟಿದರೆ ಬರ್ಚ್ ಮರಗಳ ಕಾಡು, ಅದರಡಿ ಚುಚ್ಚುವ ಎಲೆಗಳ ಜೂನಿಪರ್ ಪೊದೆಗಳು. ಅವುಗಳ ಕಾಯಿಯನ್ನು ಉಗುರಿನಿಂದ ಹಿಸುಕಿದರೆ ಜಿನ್ ಮದ್ಯದ ವಾಸನೆ ಬರುತ್ತದೆ. ಆಮೇಲೆ ಹೆದರ್ ಗಿಡಗಳು, ಕೊನೆಗೆ ಬರೀ ಕಲ್ಲು. ಬೆದೆಯ ಕಾಲವಾದ್ದರಿಂದ ಕಣಿವೆಯಲ್ಲೆಲ್ಲೋ ಗಂಡು ಕೆಂಪು ಜಿಂಕೆಗಳು ಕೂಗುತ್ತಿದ್ದವು; ತಿಳಿಯದವರು ಕಟ್ಟಿಹಾಕಿದ ಕೋಣವೆಂದೇ ತಿಳಿದಾರು.

ತುದಿಯಲ್ಲಿ ಒಂದು ರೇಡಿಯೊ ಗೋಪುರವಿದೆ. ನಾನು ಅಲ್ಲಿ ಬ್ರೆಡ್ಡು ತಿನ್ನುತ್ತಿರುವಾಗಲೇ ಮೋಡ ಕವಿದು, ಬಂದ ಕಾಲುದಾರಿ ಕಲ್ಲುಗಳಲ್ಲಿ ಗುರುತು ಸಿಗದಂತಾಯಿತು. ಆದರೆ ಗೋಪುರದ ಬುಡದಿಂದ ಅಗಲವಾದ ಜೀಪು ದಾರಿಯೊಂದು ಇಳಿಯುತ್ತಿತ್ತು. ಇಷ್ಟು ಅಗಲದ ದಾರಿ ಊರಿಗಲ್ಲದೆ ಇನ್ನೆಲ್ಲಿಗೆ ಹೋದೀತು ಎಂದುಕೊಂಡು ಅದನ್ನೇ ಹಿಡಿದೆ. ಊರು ಶಿಖರದ ಈಶಾನ್ಯಕ್ಕಿದೆ, ಆ ದಾರಿ ದಕ್ಷಿಣಕ್ಕೆ ಹೊರಟು ಬಳಸಿಕೊಂಡು ಗ್ಲೆನ್ ಕ್ಲೂನಿ ಕಣಿವೆಗೆ ಇಳಿಯುತ್ತದೆ. ದಿಕ್ಸೂಚಿ ಚೀಲದ ಮೇಲಿನ ಜೇಬಿನಲ್ಲಿಯೇ ಇತ್ತು. ಕೈಗವಸು ಕಳಚಲು ಬೇಸರಪಟ್ಟು ಅದನ್ನು ಹೊರತೆಗೆಯಲಿಲ್ಲ. ಏರುವಾಗ ಬೆನ್ನಿಗಿದ್ದ ಗಾಳಿ ಇಳಿಯುವಾಗಲೂ ಬೆನ್ನಿಗೇ ಬೀಸುತ್ತಿದ್ದುದನ್ನು ಗಮನಿಸಿದ್ದರೂ ಸಾಕಿತ್ತು, ಹೊರಟ ದಿಕ್ಕು ತಪ್ಪೆಂದು ಅಲ್ಲಿಯೇ ತಿಳಿಯುತ್ತಿತ್ತು. ಮೊದಲೇ ಯೋಜಿಸಿಕೊಂಡವರಿಗೆ ಅದು ಸುಮಾರು 11 ಕಿ.ಮೀ. ಸುತ್ತಿನ ಒಳ್ಳೆಯ ದಾರಿ. ನಾನು ಮಾತ್ರ ನದಿಯ ಪಕ್ಕದ ರಸ್ತೆಯಲ್ಲಿ ಕಾಲೆಳೆಯುತ್ತ ಊರು ಸೇರುವಷ್ಟರಲ್ಲಿ ಕೊನೆಯ ಬಸ್ಸು ಹೋಗಿತ್ತು. ಅಬರ್ಡೀನಿನಲ್ಲಿ ಬಾಡಿಗೆ ಕೊಟ್ಟಿದ್ದ ಕೋಣೆ ಖಾಲಿ ಬಿದ್ದಿತು, ಬ್ರೇಮಾರಿನಲ್ಲಿ ಇನ್ನೊಂದಕ್ಕೆ ದುಡ್ಡು ತೆರಬೇಕಾಯಿತು.

ಆದ್ದರಿಂದ ನಿಮ್ಮ ಹೋಲಿಕೆಯನ್ನೇ ನಾನು ಒಪ್ಪುವುದಿಲ್ಲ. 57 ಡಿಗ್ರಿ ಉತ್ತರ ಅಕ್ಷಾಂಶದ 859 ಮೀಟರನ್ನು ಚಿಕ್ಕಮಗಳೂರಿನ ಮೀಟರಿನಿಂದ ಅಳೆಯಲಾಗದು. ಬ್ರೇಮಾರ್ ಊರಿನಲ್ಲಿಯೇ 1895ರಲ್ಲಿ, ಮತ್ತೆ 1982ರಲ್ಲಿ, ಮೈನಸ್ 27.2 ಡಿಗ್ರಿ ಚಳಿ ದಾಖಲಾಗಿದೆ, ಗುಡ್ಡದ ತುದಿಯ ಮಾತು ಹಾಗಿರಲಿ. ಜನರಿಲ್ಲದ ಗುಡ್ಡವೇ ಬೇಕೆಂದು ಕೇಳಿದ್ದೀರಿ; ಜನರಿಲ್ಲವೆಂದರೆ ದಾರಿ ಕೇಳಲೂ ಯಾರೂ ಇರುವುದಿಲ್ಲ. ಗೈಡ್ ಬೇಕಿಲ್ಲ. ಬ್ರಿಟನ್ನಿನ ನಕ್ಷೆ ಸಂಸ್ಥೆಯಾದ ಆರ್ಡ್‌ನೆನ್ಸ್ ಸರ್ವೆಯ ಲ್ಯಾಂಡ್‌ರೇಂಜರ್ ನಕ್ಷೆಗಳ 43ನೇ ಹಾಳೆಯನ್ನು ಕೊಂಡು, ಶಿಖರದಿಂದ ಊರಿನ ದಿಕ್ಕನ್ನು ಹೊರಡುವ ಮೊದಲೇ ಅದರ ಮೇಲೆ ಗುರುತಿಸಿಕೊಳ್ಳಿ. ಗಂಟೆಗೆ ಐದು ಕಿ.ಮೀ. ನಡಿಗೆ, ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ ಎಂಬ ಸ್ಕಾಟ್ಲೆಂಡಿನ ಪರ್ವತಾರೋಹಿ ನೈಸ್ಮಿತ್‌ನ 1892ರ ಲೆಕ್ಕ ಇಂದಿಗೂ ನಡೆಯುತ್ತದೆ; ಅದರ ಮೇಲೆ ಮೋಡಕ್ಕೆಂದು ಒಂದು ಗಂಟೆ ಸೇರಿಸಿಕೊಳ್ಳಿ.

ಇನ್ನು ಬೂಟಿನ ಪ್ರಶ್ನೆ: ಕಣಕಾಲು ಮುಚ್ಚುವಂಥದ್ದಾದರೆ ಒಳ್ಳೆಯದು, ಆದರೆ ಒಂದೇ ವಸ್ತುವಿಗೆ ಹಣವಿದ್ದರೆ ಬೂಟನ್ನು ಬಿಟ್ಟು ಗಾಳಿ ಮಳೆ ತಡೆಯುವ ಜಾಕೆಟ್ ಕೊಳ್ಳಿ.