ಹೆಸರುಕಾಳಿನ ಎರಡು ತಟ್ಟೆಗಳು

ಪ್ರಶ್ನೆ: ನಾನು ಸರ್ಕಾರಿ ಶಾಲೆಯಲ್ಲಿ ನಲಿ-ಕಲಿ ತರಗತಿಯ ಶಿಕ್ಷಕಿ. ಚಟುವಟಿಕೆ ಎಂದರೆ ಮಕ್ಕಳಿಗೆ ಬಹಳ ಇಷ್ಟ. ಆದರೆ ಮರುದಿನ ಏನು ಕಲಿತಿರಿ ಎಂದು ಕೇಳಿದರೆ ಸುಮ್ಮನಾಗುತ್ತಾರೆ. ಪ್ರಯೋಗದ ಸಾಮಗ್ರಿಯೂ ನಮ್ಮಲ್ಲಿಲ್ಲ. ಏನು ಮಾಡಬಹುದು?

ಉತ್ತರ: ಸಾಮಗ್ರಿಯ ಕೊರತೆ ದೊಡ್ಡ ಅಡ್ಡಿಯಲ್ಲ. 1972ರಲ್ಲಿ ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆಯ 16 ಶಾಲೆಗಳಲ್ಲಿ ಆರಂಭವಾದ ವಿಜ್ಞಾನ ಬೋಧನಾ ಕಾರ್ಯಕ್ರಮವು ಸುತ್ತಮುತ್ತ ಸಿಗುವ ಅಗ್ಗದ ವಸ್ತುಗಳನ್ನೇ ನೆಚ್ಚಿಕೊಂಡು ಸುಮಾರು ಮೂರು ದಶಕ ನಡೆಯಿತು. ನಿಮ್ಮ ತರಗತಿಯ ತೊಡಕು ಬೇರೆಡೆ ಇದೆ ಎಂದು ನನಗನಿಸುತ್ತದೆ: ಏನಾಗಬಹುದೆಂದು ಮಕ್ಕಳು ಮೊದಲೇ ಊಹಿಸಿ ಹೇಳದಿದ್ದರೆ, ಆದದ್ದನ್ನು ಗಮನವಿಟ್ಟು ನೋಡುವ ಕಾರಣವೇ ಅವರಿಗಿರುವುದಿಲ್ಲ.

ರಾತ್ರಿ ನೆನೆಸಿದ ಹೆಸರುಕಾಳನ್ನು ಎರಡು ತಟ್ಟೆಗಳಲ್ಲಿ ಒದ್ದೆ ಹತ್ತಿಯ ಮೇಲೆ ಹರಡಿ. ಒಂದನ್ನು ಕಿಟಕಿಯ ಬಳಿ, ಇನ್ನೊಂದನ್ನು ರಟ್ಟಿನ ಡಬ್ಬಿಯೊಳಗೆ ಇಡುವ ಮುನ್ನ, ಎಲ್ಲಿ ಮೊಳಕೆ ಬರುತ್ತದೆ ಎಂದು ಕೇಳಿ, ಪ್ರತಿ ಮಗುವಿನ ಉತ್ತರವನ್ನೂ ಕಪ್ಪುಹಲಗೆಯ ಮೇಲೆ ಬರೆಯಿರಿ. ಗಿಡಕ್ಕೆ ಬೆಳಕು ಬೇಕೆಂದು ಕೇಳಿರುವ ಮಕ್ಕಳು ಸಾಮಾನ್ಯವಾಗಿ ಕಿಟಕಿಯ ತಟ್ಟೆಯನ್ನೇ ತೋರಿಸುತ್ತಾರೆ. ಮನೆಯಲ್ಲಿ ಅಮ್ಮ ಕಾಳನ್ನು ಬಟ್ಟೆಯಲ್ಲಿ ಕಟ್ಟಿಡುವುದನ್ನು ಯಾರಾದರೂ ನೆನಪಿಸಿದರೆ ದಯವಿಟ್ಟು ಆ ಮಾತನ್ನು ಪೂರ್ತಿ ಕೇಳಿಸಿಕೊಳ್ಳಿ, ಏಕೆಂದರೆ ಆ ಮಗು ತಾನು ಕಣ್ಣಾರೆ ಕಂಡ ಸಾಕ್ಷ್ಯವನ್ನು ತರಗತಿಯ ಮುಂದಿಡುತ್ತಿದೆ. ಎರಡಕ್ಕೂ ದಿನವೂ ಅಷ್ಟಷ್ಟೇ ನೀರು ಚಿಮುಕಿಸಿ, ಬೆಳಕೊಂದೇ ಬೇರೆಯಾಗಿರಲಿ.

ಮೊಳಕೆ ಎರಡರಲ್ಲೂ ಬರುತ್ತದೆ. ಇನ್ನೂ ಕೆಲವು ದಿನ ಬಿಟ್ಟರೆ ಡಬ್ಬಿಯ ಸಸಿಗಳು ಹಳದಿ ಬಣ್ಣಕ್ಕೆ ತಿರುಗಿ, ಉದ್ದುದ್ದ ಬೆಳೆದು, ನಿಲ್ಲಲಾರದೆ ಬಾಗುತ್ತವೆ. ಕಿಟಕಿಯವು ಗಿಡ್ಡಗೆ, ಹಸಿರಾಗಿ, ನೆಟ್ಟಗಿರುತ್ತವೆ. ಮೊಳೆಯಲು ಬೇಕಾದ ಆಹಾರ ಬೇಳೆಯಲ್ಲೇ ಇದೆ, ಬೆಳಕಿನ ಅಗತ್ಯ ಆಮೇಲಿನದು ಎಂಬ ವಿವರಣೆಯನ್ನು, "ಡಬ್ಬಿಯದು ಯಾಕೆ ಅಷ್ಟುದ್ದ?" ಎಂದು ಮಕ್ಕಳೇ ಕೇಳುವ ತನಕ ತಡೆಹಿಡಿಯಿರಿ. ಪಾಠ ಮುಗಿಸುವ ಒತ್ತಡದಲ್ಲಿ ಹೀಗೆ ಕಾಯುವುದು ಎಷ್ಟು ಕಷ್ಟವೆಂದು ನಾನು ಬಲ್ಲೆ, ಆದರೂ ಕಾಯಿರಿ.

"ಏನು ಕಲಿತಿರಿ" ಎಂಬುದು ಆರೇಳು ವರ್ಷದ ಮಗುವಿಗೆ ಉತ್ತರಿಸಲಾಗದ ಪ್ರಶ್ನೆ. ಬದಲಿಗೆ ದಿನಕ್ಕೊಂದು ಚಿತ್ರ ಬಿಡಿಸಲು ಹೇಳಿ, ನಿನ್ನೆಯ ಚಿತ್ರಕ್ಕಿಂತ ಇಂದಿನದರಲ್ಲಿ ಏನು ಬದಲಾಗಿದೆ ಎಂದು ಕೇಳಿ. ಕಾಳನ್ನು ಮೂಗಿಗೋ ಕಿವಿಗೋ ತೂರಿಸಿಕೊಳ್ಳುವ ವಯಸ್ಸಿನವರಾದ್ದರಿಂದ, ಹರಡುವ ಹೊತ್ತಿನಲ್ಲಿ ಮಾತ್ರ ಅವರ ಪಕ್ಕದಲ್ಲೇ ಇರಿ.