ತಾರಸಿಯ ಸ್ಟ್ರಾಬೆರಿ ಎಲೆಯ ಅಂಚು ಸುಡುತ್ತಿದೆ, ಯಾವ ಗೊಬ್ಬರ ಹಾಕಲಿ?

ಯಾವ ಗೊಬ್ಬರವೂ ಬೇಡ. ಆರ್‌ಓ ಫಿಲ್ಟರಿನ ವೇಸ್ಟ್ ನೀರನ್ನು ಚೆಲ್ಲಲು ಮನಸ್ಸಾಗದೆ ಸ್ಟ್ರಾಬೆರಿ, ಬೀನ್ಸ್, ಟೊಮೆಟೊ ಕುಂಡಗಳಿಗೆ ಹಾಕುತ್ತಿದ್ದೇನೆ ಅಂತ ನಿಮ್ಮ ಪತ್ರದ ಕೊನೆಯಲ್ಲಿ ಬರೆದಿದ್ದೀರಲ್ಲ, ಕಾಯಿಲೆ ಅಲ್ಲೇ ಇದೆ. ಬೆಂಗಳೂರಿನಲ್ಲಿ ಬೋರ್‌ವೆಲ್ ನೀರಿನ ಮನೆಯವರು ಬಹಳಷ್ಟು ಜನ, ನಾನೂ ಸೇರಿ, ಮಾಡಿರೋ ಕೆಲಸವೇ ಇದು.

ಬೋರ್ ನೀರಿನ ಟಿಡಿಎಸ್, ಅಂದರೆ ಲೀಟರಿನಲ್ಲಿ ಕರಗಿರೋ ಉಪ್ಪು, 600 ಮಿಲಿಗ್ರಾಂ ಅಂದುಕೊಳ್ಳಿ. ಮೂರು ಲೀಟರ್ ಒಳಗೆ ಹೋಗಿ ಒಂದು ಲೀಟರ್ ಕುಡಿಯೋ ನೀರಾದರೆ, ಅದರ ಉಪ್ಪೂ ಉಳಿದ ಎರಡು ಲೀಟರಿಗೇ ಸೇರುತ್ತದೆ. ಅಂದರೆ ವೇಸ್ಟ್ ಪೈಪಿನಲ್ಲಿ ಬರೋದು ಹೆಚ್ಚುಕಡಿಮೆ 900. ಕುಂಡದ ನೀರು ಬಿಸಿಲಿಗೆ ಆರುತ್ತದೆ, ಉಪ್ಪು ಆರಲ್ಲ. ಹೊಲದಲ್ಲಾದರೆ ಮಳೆ ಅದನ್ನು ಕೆಳಕ್ಕೆ ತಳ್ಳುತ್ತೆ. 8 ಇಂಚಿನ ಕುಂಡಕ್ಕೆ ದಿನಾ ಒಂದು ಚೊಂಬು ಹಾಕಿ, ತಾರಸಿ ಕೊಳೆಯಾಗಬಾರದು ಅಂತ ತಳದಿಂದ ಹನಿಯೂ ಇಳಿಯದ ಹಾಗೆ ನೋಡಿಕೊಂಡರೆ ಅಷ್ಟೂ ಉಪ್ಪು ಬೇರಿನ ಸುತ್ತಲೇ ಕೂರುತ್ತದೆ. ಬೇರಿಗೆ ನೀರು ಹೀರಲು ಆಗುವುದಿಲ್ಲ. ಮಣ್ಣು ಒದ್ದೆಯಿದ್ದರೂ ಮಧ್ಯಾಹ್ನ ಗಿಡ ಬಾಡೋದು ಅದಕ್ಕೇ. ಕುಂಡದ ಬಾಯಂಚನ್ನು ಉಗುರಿನಿಂದ ಕೆರೆದು ನೋಡಿ, ಬಿಳಿ ಪುಡಿ ಉದುರುತ್ತದೆ.

ಒದ್ದೆ ಮಣ್ಣಿನಿಂದ ಹಿಂಡಿ ತೆಗೆದ ನೀರಿನ ಇಸಿ (ಉಪ್ಪು ಹೆಚ್ಚಿದಷ್ಟೂ ಏರೋ ವಿದ್ಯುತ್ ವಾಹಕತೆಯ ಅಳತೆ, ಡೆಸಿಸೀಮೆನ್ಸ್/ಮೀಟರ್ ಲೆಕ್ಕದಲ್ಲಿ) 1 ದಾಟಿದರೆ ಸ್ಟ್ರಾಬೆರಿ ಇಳುವರಿ ಇಳಿಯೋಕೆ ಶುರು. ಬೀನ್ಸ್, ಕ್ಯಾರೆಟ್ ಕೂಡ ಅಷ್ಟೇ ಸೂಕ್ಷ್ಮ. ಟೊಮೆಟೊ ಸುಮಾರು 2.5, ಬೀಟ್‌ರೂಟ್ 4ರವರೆಗೂ ತಡೆಯುತ್ತದೆ. ಟೊಮೆಟೊ ಕಾಯಿಯ ತಳ ಕಪ್ಪಾಗೋದಕ್ಕೂ ಇದೇ ನೀರು ಒಂದು ಕಾರಣ: ಉಪ್ಪು ಹೆಚ್ಚಾದರೆ ಕಾಯಿಗೆ ಕ್ಯಾಲ್ಸಿಯಂ ತಲುಪಲ್ಲ. ಮೊಟ್ಟೆ ಸಿಪ್ಪೆ ಹಾಕಿ ಅಂತ ಎಲ್ಲರೂ ಹೇಳ್ತಾರೆ. ಅದು ಕರಗೋ ಹೊತ್ತಿಗೆ ಗಿಡವೇ ಮುಗಿದಿರುತ್ತದೆ.

ಮೊದಲು ಟಿಡಿಎಸ್ ಮೀಟರ್ ತಗೊಳ್ಳಿ. ಹಿಡಿದಿಟ್ಟ ಮಳೆನೀರು ಅಥವಾ ಕಾವೇರಿ ನೀರನ್ನು ಕುಂಡದ ಗಾತ್ರದ ಎರಡು-ಮೂರು ಪಟ್ಟು, ನಿಧಾನವಾಗಿ ಸುರಿದು ತಳದಿಂದ ಇಳಿಸಿ. ಇಳಿದ ನೀರಿನ ಅಂಕಿ ಹಾಕಿದ ನೀರಿನ ಹತ್ತಿರಕ್ಕೆ ಬರೋವರೆಗೂ ಬಿಡಬೇಡಿ. ಆಮೇಲೆ ಪ್ರತಿ ಸಲ ಹಾಕಿದ್ದರಲ್ಲಿ ಐದನೇ ಒಂದು ಭಾಗ ಕೆಳಗೆ ಇಳಿಯಲೇಬೇಕು. ಗಡಸು ನೀರನ್ನು ಮೆದು ಮಾಡೋ ಸಾಫ್ಟ್‌ನರ್‌ನ ನೀರು ಬೇಡ, ಅದರಲ್ಲಿ ಕ್ಯಾಲ್ಸಿಯಂ ಬದಲು ಸೋಡಿಯಂ ಇರುತ್ತದೆ. ಕೋಕೋಪೀಟ್‌ನಲ್ಲೂ (ತೆಂಗಿನ ನಾರಿನ ಪುಡಿ) ಉಪ್ಪಿರುತ್ತದೆ, ನೆನೆಸಿ ಹಿಂಡಿ ಎರಡು-ಮೂರು ನೀರು ಬದಲಿಸಿ ಬಳಸಿ. ಹೊಸ ಎಲೆ ಹಳದಿಯಾಗಿ ನರ ಮಾತ್ರ ಹಸಿರಿದ್ದರೆ ಅದು ಬೇರೆ ಕಥೆ, ಕಬ್ಬಿಣ ಸಿಗುತ್ತಿಲ್ಲ ಅಂತ. ಆಗ ಇಡಿಡಿಎಚ್‌ಎ ರೂಪದ (ಬೇರಿಗೆ ಸುಲಭವಾಗಿ ಸಿಗೋ) ಕಬ್ಬಿಣ ಲೀಟರಿಗೆ ಅರ್ಧ ಗ್ರಾಂ ಬೆರೆಸಿ ಬುಡಕ್ಕೆ ಹಾಕಿ.

ಹೊಸ ಸ್ಟ್ರಾಬೆರಿ ಸಸಿ ಹಾಕೋದಾದರೆ ಅಕ್ಟೋಬರ್-ನವೆಂಬರ್‌ನಲ್ಲಿ ಹಾಕಿ. ಎಲೆಗಳು ಹೊರಡೋ ಸುಳಿ ಮಣ್ಣಿನ ಮಟ್ಟಕ್ಕೇ ಇರಲಿ, ಹೂತರೆ ಕೊಳೆಯುತ್ತದೆ.

ಮಳೆನೀರಿಗೆ ಡ್ರಮ್ ಇಡಲು ಜಾಗವಿಲ್ಲ, ಕಾವೇರಿ ಬರಲ್ಲ ಅಂದರೆ ಸ್ಟ್ರಾಬೆರಿಯ ಆಸೆ ಬಿಡಿ. ಬದಲಿಗೆ ಪೆನ್ಸಿಲ್ ದಪ್ಪದ, ಮೂರ್ನಾಲ್ಕು ಕಣ್ಣಿರೋ ಹಿಪ್ಪುನೇರಳೆ ಕಡ್ಡಿಯನ್ನು ಹಣ್ಣು ಬಿಡೋ ಮರದಿಂದಲೇ ತಂದು ದೊಡ್ಡ ಡ್ರಮ್ಮಿಗೆ ನೆಡಿ. ಸವರಿದಾಗೆಲ್ಲ ಹೊಸ ಚಿಗುರಿನಲ್ಲಿ ಹಣ್ಣು ಬಿಡುತ್ತದೆ. ವೇಸ್ಟ್ ನೀರಲ್ಲಿ ನೆಲ ಒರೆಸಿ.