ಓದುಗರ ಪ್ರಶ್ನೆ: ಅಜ್ಜಿಯ ಮಾತನ್ನು ಎಐ ತಿದ್ದಿದಾಗ

ಪ್ರಶ್ನೆ: ಬಿ.ಎ. ಓದುತ್ತಿದ್ದೇನೆ. ಒಂದು ಕಥಾ ಸ್ಪರ್ಧೆಗೆ ನಮ್ಮ ಅಜ್ಜಿಯ ಬಗ್ಗೆ ಕಥೆ ಬರೆದೆ. ಕಳಿಸುವ ಮೊದಲು ಚಾಟ್‌ಜಿಪಿಟಿಗೆ ಹಾಕಿ ‘ಚಂದ ಮಾಡಿಕೊಡು’ ಅಂದೆ. ಅದು ಭಾಷೆ ತಿದ್ದಿತು, ಕೊನೆಯ ಎರಡು ಪ್ಯಾರಾ ತಾನೇ ಬರೆದು ಸೇರಿಸಿತು. ‘ಇದು ನನ್ನ ಸ್ವಂತ ರಚನೆ’ ಅಂತ ಸಹಿ ಮಾಡಿ ಕಳಿಸಿಬಿಟ್ಟೆ. ಫಲಿತಾಂಶ ಇನ್ನೂ ಬಂದಿಲ್ಲ, ಆದರೆ ಸಮಾಧಾನವೂ ಇಲ್ಲ. ಎರಡೂ ಪ್ರತಿ ಜೊತೆಗಿಟ್ಟಿದ್ದೇನೆ. ನಾನು ಮಾಡಿದ್ದು ಮೋಸವೇ?
– ಹೆಸರು ಬೇಡ, ಸಪ್ತಾಪುರ, ಧಾರವಾಡ

ಉತ್ತರ: ತಂಗಿ, ಎರಡೂ ಪ್ರತಿ ಪಕ್ಕಪಕ್ಕ ಇಟ್ಟುಕೊಂಡು ಓದಿದೆ. ನಿನ್ನ ಮೊದಲ ಪ್ರತಿಯಲ್ಲಿ ಅಜ್ಜಿ ಬಾಗಿಲಲ್ಲಿ ನಿಂತು, ‘ಎಷ್ಟೊತ್ತಾತು, ಇನ್ನೂ ಉಂಡಿಲ್ಲಂದ್ರ ಹ್ಯಾಂಗ?’ ಅಂತ ಕೇಳುತ್ತಾಳೆ. ಎಐ ತಿದ್ದಿದ ಪ್ರತಿಯಲ್ಲಿ ಅದೇ ಅಜ್ಜಿ, ‘ಬಹಳ ಸಮಯವಾಯಿತು, ನೀನು ಇನ್ನೂ ಊಟ ಮಾಡಿಲ್ಲವೇ?’ ಅನ್ನುತ್ತಾಳೆ. ಮೊದಲನೆಯದರಲ್ಲಿ ಸಿಟ್ಟಿದೆ, ಸಿಟ್ಟಿನ ಒಳಗೆ ಅಕ್ಕರೆ ಇದೆ, ಒಲೆಯ ಮೇಲೆ ಆರಿಹೋಗುತ್ತಿರುವ ಪಲ್ಯವೂ ಕಾಣುತ್ತದೆ. ಎರಡನೆಯದರಲ್ಲಿ ಬರೀ ವಿಚಾರಣೆ. ನಿನ್ನ ಅಜ್ಜಿ ಕಥೆಯಿಂದ ಎದ್ದು ಹೋಗಿದ್ದಾಳೆ, ನನಗೆ ಜಾಸ್ತಿ ಬೇಜಾರಾಗಿದ್ದು ಅದಕ್ಕೆ.

ಹೀಗಾಗಲು ಕಾರಣ ಇದೆ. ಈ ಯಂತ್ರಗಳು ರಾಶಿರಾಶಿ ಬರಹ ನೋಡಿ, ಯಾವ ಮಾತಿನ ಪಕ್ಕ ಯಾವ ಮಾತು ಬರುತ್ತದೆ ಅನ್ನುವುದನ್ನು ಕಲಿತಿರುತ್ತವೆ. ಅಂತರ್ಜಾಲದಲ್ಲಿರುವ ಕನ್ನಡವೇ ಕಡಿಮೆ. ಇರುವುದರಲ್ಲೂ ಪತ್ರಿಕೆ, ಪುಸ್ತಕದ ಕನ್ನಡ ಜಾಸ್ತಿ. ನಮ್ಮ ಓಣಿಯ ಮಾತು ಅಲ್ಲಿ ಎಲ್ಲೋ ಚೂರುಪಾರು. ಹಾಗಾಗಿ ‘ಹ್ಯಾಂಗ’ ಅಂದ್ರೆ ಅದಕ್ಕೆ ತಪ್ಪು ಅನಿಸುತ್ತದೆ, ತಿದ್ದುತ್ತದೆ. ನಿನ್ನಂಥವರೂ ಆ ತಿದ್ದುಪಡಿ ಒಪ್ಪಿಕೊಂಡು ಕಳಿಸುತ್ತಾ ಹೋದರೆ ಮುಂದೆ ಅದು ಕಲಿಯಲಿಕ್ಕೂ ಅದೇ ಸಪ್ಪೆ ಕನ್ನಡ ಸಿಗುತ್ತದೆ.

ಈಗ ನಿನ್ನ ಪ್ರಶ್ನೆ. ಕಾಗುಣಿತ ತಿದ್ದಿಸಿಕೊಂಡಿದ್ದು ಮೋಸ ಅಲ್ಲ. ಮೊದಲೆಲ್ಲ ಕರಡು ತಿದ್ದುವವರಿರುತ್ತಿದ್ದರು, ಅವರ ಹೆಸರನ್ನು ಯಾರೂ ಕಥೆಯ ಕೆಳಗೆ ಹಾಕುತ್ತಿರಲಿಲ್ಲ. ಆದರೆ ಕೊನೆಯ ಎರಡು ಪ್ಯಾರಾ ನಿನ್ನದಲ್ಲ. ಕಥೆ ಎಲ್ಲಿ ನಿಲ್ಲಬೇಕು ಅಂತ ತೀರ್ಮಾನ ಮಾಡುವುದೇ ಕಥೆಗಾರರ ಕೆಲಸ, ಆ ಕೆಲಸವನ್ನು ನೀನು ಬಿಟ್ಟುಕೊಟ್ಟೆ, ಸಹಿ ಮಾತ್ರ ಹಾಕಿದೆ. ಅದು ತಪ್ಪೇ. ಫಲಿತಾಂಶ ಬರುವ ಮೊದಲು ಸಂಘಟಕರಿಗೆ ನಾಲ್ಕು ಸಾಲಿನ ಪತ್ರ ಬರೆ. ಏನಾಯಿತು ಅಂತ ಇದ್ದದ್ದು ಇದ್ದಂಗೆ ಹೇಳು, ಮೂಲ ಪ್ರತಿ ಕಳಿಸಲು ಬಿಡುತ್ತೀರಾ ಅಂತ ಕೇಳು. ಬಿಡದಿದ್ದರೆ ಕಥೆ ವಾಪಸ್ ತಗೋ. ಕೊನೆಯನ್ನು ನೀನೇ ಬರೆದು ನಮಗೆ ಕಳಿಸು, ನಾನು ಓದುತ್ತೇನೆ. ಇನ್ನು ಮುಂದೆ ಎಐಗೆ ಕೊಡುವುದಾದರೆ ‘ಚಂದ ಮಾಡು’ ಅನ್ನಬೇಡ. ‘ಅಕ್ಷರ ತಪ್ಪು ಮಾತ್ರ ತೋರಿಸು, ಮಾತುಕತೆ ಮುಟ್ಟಬೇಡ’ ಅನ್ನು.

ಪ್ರಶ್ನೆ: ಗದಗದಲ್ಲಿ ನಮ್ಮದು ಪ್ರಿಂಟಿಂಗ್ ಪ್ರೆಸ್. ಪುಸ್ತಕದ ಮುಖಪುಟಕ್ಕೆ ವರ್ಷಗಳಿಂದ ಒಬ್ಬರೇ ಕಲಾವಿದರು ಚಿತ್ರ ಬರೆದುಕೊಡುತ್ತಿದ್ದರು. ಈಗ ಗಿರಾಕಿಗಳು ‘ಅವರ ಥರಾನೇ ಎಐನಲ್ಲಿ ಮಾಡಿಕೊಡಿ, ಅಗ್ಗ ಆಗುತ್ತದೆ’ ಅನ್ನುತ್ತಾರೆ. ಮಾಡಬಹುದೇ?
– ಒಬ್ಬ ಓದುಗರು, ಗದಗ

ಉತ್ತರ: ಶೈಲಿಗೆ ಹಕ್ಕುಸ್ವಾಮ್ಯ ಇಲ್ಲ, ಆದ್ದರಿಂದ ಬರೀ ‘ಅವರ ಥರ’ ಅನ್ನುವುದಕ್ಕೆ ಕಾನೂನು ಅಡ್ಡ ಬರಲಿಕ್ಕಿಲ್ಲ. ಆದರೆ ಅವರ ಹಳೆಯ ಮುಖಪುಟ ಸ್ಕ್ಯಾನ್ ಮಾಡಿ ಯಂತ್ರಕ್ಕೆ ಹಾಕುವುದು ಬೇರೆಯೇ ಮಾತು. ಮತ್ತೆ, ಇಷ್ಟು ವರ್ಷ ಅವರ ಕುಂಚದಿಂದ ನಿಮ್ಮ ಪ್ರೆಸ್ಸಿಗೆ ಹೆಸರು ಬಂತು, ಈಗ ಅದೇ ಕುಂಚದ ನಕಲು ಮಾಡಿ ಅವರ ಕೆಲಸ ತಪ್ಪಿಸುವುದು ನಿಮಗೇ ಸರಿ ಕಾಣುತ್ತಾ? ಅವರ ಮನೆಗೆ ಹೋಗಿ ಕೂತು ಮಾತಾಡಿ. ಗಿರಾಕಿಗೆ ತೋರಿಸುವ ಕಚ್ಚಾ ನಮೂನೆ ಎಐನಲ್ಲಿ ಮಾಡಿ, ಅಂತಿಮ ಚಿತ್ರ ಅವರಿಂದ ಬರೆಸಿದರೆ ಸಮಯವೂ ಉಳಿಯುತ್ತದೆ. ಪೂರ್ತಿ ಯಂತ್ರದ ಚಿತ್ರವೇ ಬೇಕು ಅಂದವರ ಪುಸ್ತಕದ ಒಳಪುಟದಲ್ಲಿ ‘ಮುಖಪುಟ: ಎಐ ಚಿತ್ರ’ ಅಂತ ಅಚ್ಚು ಹಾಕಿ. ಇನ್ನೊಂದು, ಅಮೆರಿಕದ ಕಾಪಿರೈಟ್ ಕಚೇರಿ 2023ರಲ್ಲಿ ಒಂದು ಚಿತ್ರಕಥೆ ಪುಸ್ತಕದ ಬರಹಕ್ಕೆ ರಕ್ಷಣೆ ಕೊಟ್ಟು, ಎಐ ಬರೆದ ಚಿತ್ರಗಳಿಗೆ ಕೊಡಲಿಲ್ಲ. ನಮ್ಮ ಕಾನೂನು ಬೇರೆ, ಆದರೂ ಗಿರಾಕಿಗೆ ಇದು ಗೊತ್ತಿರಲಿ.

ಪ್ರಶ್ನೆ: ನಮ್ಮ ಅಪ್ಪ ಭಜನಾ ಮೇಳದಲ್ಲಿ ತತ್ವಪದ ಹಾಡುತ್ತಿದ್ದರು. ತೀರಿಕೊಂಡು ಮೂರು ವರ್ಷವಾಯಿತು. ತಮ್ಮ ಅವರ ಕ್ಯಾಸೆಟ್‌ಗಳಿಂದ ದನಿ ತೆಗೆದು, ಎಐನಿಂದ ಹೊಸ ಹಾಡು ಹಾಡಿಸಿ ಯೂಟ್ಯೂಬ್‌ಗೆ ಹಾಕುತ್ತೇನೆ ಅನ್ನುತ್ತಾನೆ. ಅವ್ವ ಬೇಡ ಅಂತ ಅಳುತ್ತಾಳೆ.
– ಓದುಗರು, ಶಿಗ್ಗಾವಿ ತಾಲೂಕು, ಹಾವೇರಿ

ಉತ್ತರ: ಅಕ್ಕಾ, ಅವ್ವ ಬೇಡ ಅಂದರೆ ಬೇಡ. ಇದರಲ್ಲಿ ಅವರ ಮಾತೇ ಮೊದಲು.

2024ರಲ್ಲಿ ಗಾಯಕ ಅರಿಜಿತ್ ಸಿಂಗ್ ಅವರ ದನಿಯನ್ನು ಎಐನಿಂದ ನಕಲು ಮಾಡುವುದನ್ನು ಬಾಂಬೆ ಹೈಕೋರ್ಟ್ ತಡೆಯಿತು. ಅವರು ಬದುಕಿದ್ದಾರೆ, ಕೋರ್ಟಿಗೆ ಹೋಗಿ ಬೇಡ ಅಂದರು. ನಿಮ್ಮ ಅಪ್ಪನಿಗೆ ಅದು ಆಗುವುದಿಲ್ಲ, ಅದಕ್ಕೇ ಇನ್ನಷ್ಟು ಜೋಪಾನ ಬೇಕು. ನಮ್ಮ ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್ ಅವರ ದನಿ ಮೊದಲು ತೆಳ್ಳಗಿತ್ತು. ಗಂಟಲಿನ ಚಿಕಿತ್ಸೆ ಆದ ಮೇಲೆ ದಪ್ಪವಾಯಿತು, ಅದೇ ದನಿಯಲ್ಲಿ ಜೀವನಪೂರ್ತಿ ಹಾಡಿದರು. ದನಿ ಅಂದ್ರೆ ಮೈ ಉಂಡ ನೋವು, ಮಾಡಿದ ಅಭ್ಯಾಸ ಎಲ್ಲ ಸೇರಿದ್ದು ಅಲ್ವಾ? ಅಪ್ಪ ನಂಬಿ ಹಾಡಿದ ಪದ ಬೇರೆ, ಅವರು ಕೇಳಿಯೂ ಇಲ್ಲದ ಪದವನ್ನು ಅವರ ಬಾಯಲ್ಲಿ ಹಾಕುವುದು ಬೇರೆ.

ತಮ್ಮನ ಆಸೆಯೂ ಪ್ರೀತಿಯಿಂದಲೇ ಬಂದದ್ದು, ಅವನನ್ನು ಬೈಯಬೇಡಿ. ಅವನಿಗೆ ಬೇರೆ ಕೆಲಸ ಕೊಡಿ. ಹಳೆಯ ಟೇಪಿನ ಗುಂಯ್ ಅನ್ನುವ ಸದ್ದು ತೆಗೆಯಲು ಎಐ ಒಳ್ಳೆಯದು. ಅಪ್ಪ ಹಾಡಿದ್ದೇ ಇರುತ್ತದೆ, ಬರೀ ಧೂಳು ಹೋಗುತ್ತದೆ. ಎರಡು ಸಾಲಿನ ಮಧ್ಯೆ ಅವರು ಕೆಮ್ಮಿದ್ದು, ‘ತಾಳ ಹಿಡೀರಿ’ ಅಂದದ್ದು ಏನಾದರೂ ಇದ್ದರೆ ಅದನ್ನು ಮಾತ್ರ ಅಳಿಸಬೇಡ ಅನ್ನಿ. ಯೂಟ್ಯೂಬ್‌ಗೆ ಹಾಕುವ ಮೊದಲು ಅವ್ವನಿಗೆ ಕೇಳಿಸಿ, ಜೊತೆಗೆ ಹಾರ್ಮೋನಿಯಂ, ತಬಲಾ ನುಡಿಸಿದವರನ್ನೂ ಕೇಳಿ, ಅವರ ಹೆಸರು ಹಾಕಿ. ಇದನ್ನು ಮಳೆಗಾಲಕ್ಕೆ ಮೊದಲೇ ಮಾಡಿಸಿ ಅಕ್ಕಾ, ತೇವ ಹಿಡಿದರೆ ಕ್ಯಾಸೆಟ್‌ಗೆ ಬೂಷ್ಟು ಬರುತ್ತದೆ.